ಇಸ್ಮೆ ಕೂರುವ ಕಲ್ಲು

ಕಲ್ಲನ್ನು ದೋಣಿಗೆ ಇಳಿಸುವಷ್ಟರಲ್ಲೇ ಮೂವರಿಗೂ ಸಾಕುಸಾಕಾಗಿತ್ತು. ಬಿಳಿ ದುಪ್ಪಟಿಯಲ್ಲಿ ಸುತ್ತಿದ ಕಲ್ಲು ನೋಡಲು ಮಲಗಿದ ಮಗುವಿನಷ್ಟೇ ಉದ್ದ. ಭಾರ ಮಾತ್ರ ಇಬ್ಬರು ಗಂಡಾಳುಗಳದ್ದು. ಮನೆಯಿಂದ ವಿಂಡ್‌ವರ್ಡ್ ಊರಿನ ಕಡಲ ಕಟ್ಟೆಯವರೆಗೆ ನೆರೆಯ ಗಂಡಸರು ಹೊತ್ತು ತಂದುಕೊಟ್ಟರು, ನಿಜ. ಆದರೆ ದೋಣಿಯೊಳಗೆ ಇಳಿಸಲು ಅವರು ಕೈ ಹಾಕುವಂತಿಲ್ಲ. ಅದು ಜೊತೆಗೆ ಹೋಗುವವರ ಕೆಲಸ. ಜೊತೆಗೆ ಹೋಗುವವರೆಂದರೆ ಈ ಮೂವರು ಮುದುಕರು.

ದೋಣಿ ಕ್ಯಾನ್ಯೂಟನದು. ಚುಕ್ಕಾಣಿಯೂ ಅವನದೇ, ಬಾಯಿಯೂ ಅವನದೇ. ಕಲ್ಲನ್ನು ಸಿಮೆಂಟಿನಲ್ಲಿ ಎರಕ ಹೊಯ್ದು, ಅಂಚು ಉಜ್ಜಿ, ಹೆಸರು ಕೆತ್ತಿದವನು ಬೋನಿಫೇಸ್. ಗಾರೆ ಕೆಲಸದವನು, ಮಿತಭಾಷಿ, ಕೊರಳಲ್ಲಿ ಸದಾ ಜಪಮಾಲೆ. ಕಲ್ಲಿನ ಮೇಲೆ ಹೆಸರಿರುವ ಇಸ್ಮೆಯ ಗಂಡ ಉಲ್ರಿಕ್. ಈ ದೋಣಿಯನ್ನು ಹರೆಯದಲ್ಲಿ ಕಟ್ಟಿದವನು ಅವನೇ. ಮೂವರೂ ಒಂದೇ ಕಡಲಲ್ಲಿ ಈಜು ಕಲಿತು, ಒಂದೇ ಪುಟ್ಟ ಚರ್ಚಿನಲ್ಲಿ ಮೊಣಕಾಲೂರಿ ಬೆಳೆದವರು.

ಅವರು ಹೊರಟಿದ್ದು ಪೆಟಿಟ್ ರೋಸ್ ಎಂಬ ಪುಟ್ಟ ದ್ವೀಪಕ್ಕೆ, ಇಸ್ಮೆಯ ತವರಿಗೆ. ಸಾಯುವ ಮುಂಚೆ ಅವಳು, ಅಮ್ಮನ ಪಕ್ಕದಲ್ಲಿ ನನ್ನನ್ನು ಮಲಗಿಸಿ ಅಂದಿದ್ದಳು. ಹಾಗೇ ಮಲಗಿಸಿದ್ದರು. ಆದರೆ ಸಮಾಧಿಗೆ ಕಲ್ಲು ಹಾಕಿರಲಿಲ್ಲ.

ವಿಂಡ್‌ವರ್ಡ್ ಇರುವ ಕ್ಯಾರಿಯಾಕು ದ್ವೀಪದ ಜನರಲ್ಲಿ ಮಣ್ಣು ಮಾಡುವುದು ಬೇಗ ಆಗಿಹೋಗುತ್ತದೆ. ಕಲ್ಲು ಹಾಕುವುದು ಮಾತ್ರ ಮನೆಗೆ ಕೂಡಿಬಂದಾಗ. ಕೆಲವರಿಗೆ ಮರುವರ್ಷವೇ ಕೂಡಿಬರುತ್ತದೆ, ಕೆಲವರಿಗೆ ಮೊಮ್ಮಕ್ಕಳ ಕಾಲಕ್ಕೆ. ಅಲ್ಲಿಯವರೆಗೆ ಸತ್ತವರಿಗೆ ಕೂರಲು ಜಾಗವಿಲ್ಲ. ನಿಂತೇ ಇರುತ್ತಾರೆ, ಅಲೆಯುತ್ತಾರೆ, ಮನೆಯವರ ಕನಸಿಗೆ ಬಂದು ಹೋಗುತ್ತಾರೆ. ಕಲ್ಲು ಬಿದ್ದ ಮೇಲೆ ಅದರ ಮೇಲೆ ಕೂರುತ್ತಾರೆ. ಆಮೇಲೆ ಕನಸಿಗೆ ಬರುವುದಿಲ್ಲ. ದಣಿದವರು ಒಮ್ಮೆ ಕೂತರೆ ಮತ್ತೆ ಯಾಕೆ ಏಳುತ್ತಾರೆ?

ಇಸ್ಮೆ ಉಲ್ರಿಕ್‌ನ ಕನಸಿಗೆ ಬೆಳಗಿನ ಜಾವ ಬರುತ್ತಿದ್ದಳು. ಹಿತ್ತಲ ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದಳು. ಒಮ್ಮೊಮ್ಮೆ ಅಗುಳಿ ಸಡಿಲವಾಗಿದೆ ಎಂದು ಬೈಯುತ್ತಿದ್ದಳು, ಒಮ್ಮೊಮ್ಮೆ ಸೆರಗಿನಂತೆ ಎತ್ತಿ ಹಿಡಿದ ಲಂಗದಲ್ಲಿ ತೊಗರಿಕಾಯಿ ತುಂಬಿಕೊಂಡು ಸುಮ್ಮನೆ ನೋಡುತ್ತಿದ್ದಳು. ಕೂತುಕೋ ಅಂದರೆ ಕೂರುತ್ತಿರಲಿಲ್ಲ. ಉಲ್ರಿಕ್ ಎದ್ದು ಮುಖ ತೊಳೆದು, ಒಬ್ಬನೇ ಕಾಫಿ ಕಾಯಿಸಿಕೊಂಡು ಕುಡಿಯುವಾಗ ಅವಳ ಬೈಗುಳದ ಬಿಸಿ ಇನ್ನೂ ಕಿವಿಯಲ್ಲಿರುತ್ತಿತ್ತು. ಅಷ್ಟರ ಮೇಲೆ ಅವನ ದಿನ ನಡೆಯುತ್ತಿತ್ತು.

ಕಲ್ಲು ಹಾಕಲು ತಡವಾದದ್ದಕ್ಕೆ ಕಾರಣಗಳಿಗೆ ಬರವಿರಲಿಲ್ಲ. ಒಂದು ವರ್ಷ ಸಿಮೆಂಟು ಚೀಲದಲ್ಲೇ ಗಟ್ಟಿಯಾಗಿ ಕೂತುಹೋಗಿತ್ತು. ಇನ್ನೊಂದು ವರ್ಷ ಬಿರುಗಾಳಿ ಮನೆಯ ಮಾಡನ್ನೇ ಕಿತ್ತುಕೊಂಡು ಹೋಯಿತು. ಆಮೇಲೆ ಅವನ ಮೊಣಕಾಲು. ಎಲ್ಲವೂ ನಿಜವೇ. ಊರವರೂ ಹೌದಪ್ಪಾ ಅಂದರು. ಬೋನಿಫೇಸ್ ಮಾತ್ರ ತನ್ನ ನೀರಿನ ತೊಟ್ಟಿಯ ಪಕ್ಕ ಕಲ್ಲು ಸಿದ್ಧಮಾಡಿ ಇಟ್ಟುಕೊಂಡು, ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕಾಗ ಉಲ್ರಿಕ್‌ನ ಮುಖ ನೋಡಿ ಇಳಿದು ಹೋಗುತ್ತಿದ್ದ.

ಕೊನೆಗೆ ಪೆಟಿಟ್ ರೋಸಿನಿಂದ ಇಸ್ಮೆಯ ಅಕ್ಕ ಫಿಲೋಮೆನ್ ಹೇಳಿಕಳಿಸಿದಳು. ತನ್ನ ಕನಸಿಗೂ ತಂಗಿ ಬಂದಿದ್ದಳಂತೆ. ಕಾಲು ನೋಯುತ್ತದೆ ಅಂದಳಂತೆ. ಅದನ್ನು ಕೇಳಿದ ದಿನ ಉಲ್ರಿಕ್‌ಗೆ ಊಟ ಸೇರಲಿಲ್ಲ. ಏಕೆಂದರೆ ಅವನ ಬಾಗಿಲಲ್ಲೂ ಅವಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ನಿಲ್ಲುತ್ತಿದ್ದಳು. ಅವನು ನೋಡಿಯೂ ನೋಡದವನಂತೆ ಇದ್ದ.

ದಿನ ಗೊತ್ತಾಯಿತು. ಹಿಂದಿನ ಸಂಜೆ ಕಲ್ಲನ್ನು ಮನೆಗೆ ತಂದು, ಇಸ್ಮೆಯ ಮಂಚದ ಮೇಲೆ ದುಪ್ಪಟಿ ಹೊದಿಸಿ ಮಲಗಿಸಿದರು. ರಮ್ಮು ಚಿಮುಕಿಸಿದರು, ನೀರು ಚಿಮುಕಿಸಿದರು, ನೆಲದ ಮೇಲೆ ಅಕ್ಕಿ ಎರಚಿದರು. ಅವಳನ್ನು ಕಡಲಾಚೆಯಿಂದ ಹೆಸರು ಹಿಡಿದು ಕರೆದು, ಕಲ್ಲಿನ ಮುಂದೆ ಎಡೆ ಇಟ್ಟರು. ಬಂದವಳು ಆ ರಾತ್ರಿ ತನ್ನ ಮನೆಯಲ್ಲೇ ಇರುತ್ತಾಳೆ. ಬೆಳಗ್ಗೆ ಕಲ್ಲು ಮುಂದೆ ಹೊರಡಬೇಕು. ಎಲ್ಲರೂ ಹೋದ ಮೇಲೆ ಗಂಡನಾದವನು ಒಬ್ಬನೇ ಹೊಸ್ತಿಲ ಮೇಲೆ ನಿಂತು, ನಿನ್ನ ಕಲ್ಲು ಹೊರಟಿದೆ, ನೀನೂ ಬಾ ಎಂದು ಕರೆದು, ತಿರುಗಿ ನೋಡದೆ ನಡೆದು ಬರಬೇಕು. ಕರೆಯದಿದ್ದರೆ ಕಲ್ಲು ಹೋಗುತ್ತದೆ, ಅವಳು ಮನೆಯಲ್ಲೇ ಉಳಿಯುತ್ತಾಳೆ.

ಉಲ್ರಿಕ್ ಹೊಸ್ತಿಲ ಮೇಲೆ ನಿಂತ. ಒಳಗೆ ಕಿಟಕಿಯ ಬೆಳಕು ಖಾಲಿ ಮಂಚದ ಮೇಲೆ ಬಿದ್ದಿತ್ತು. ಬಾಯಿ ತೆರೆದ. ಆಮೇಲೆ ಬಾಗಿಲನ್ನು ಮೆಲ್ಲನೆ ಎಳೆದುಕೊಂಡು, ಕರೆಯದೆ, ಕಟ್ಟೆಯ ಕಡೆ ಇಳಿದು ಬಂದ.

ಪೆಟಿಟ್ ರೋಸ್ ದೂರವೇನಲ್ಲ. ವಿಂಡ್‌ವರ್ಡಿನ ಕಟ್ಟೆಯ ಮೇಲೆ ನಿಂತರೆ ಅಲ್ಲಿಯ ಅಡುಗೆ ಹೊಗೆ ಕಾಣುತ್ತದೆ. ಆದರೆ ಗಾಳಿ ಬೀಸುವುದು ಅಲ್ಲಿಂದ ಇಲ್ಲಿಗೆ, ನೀರಿನ ಸೆಳೆತವೂ ಹಾಗೇ. ಎದುರು ಗಾಳಿಗೆ ಹಾಯಿದೋಣಿ ನೇರ ಹೋಗದು. ಎಡಕ್ಕೊಮ್ಮೆ ಓರೆ ಓಡಿ, ಮೂತಿ ತಿರುಗಿಸಿ, ಬಲಕ್ಕೊಮ್ಮೆ ಓರೆ ಓಡಿ, ಬೆಟ್ಟ ಹತ್ತುವ ಕತ್ತೆಯ ಹಾಗೆ ಅಡ್ಡಡ್ಡ ಹತ್ತಬೇಕು. ಪ್ರತಿಸಲ ತಿರುಗಿಸುವಾಗ ಹಗ್ಗ ಬಿಡು, ಹಗ್ಗ ಎಳೆ, ತಲೆ ಬಗ್ಗಿಸು. ಪ್ರಾಯದಲ್ಲಿ ಆಟವಾಗಿತ್ತು. ಈಗ ಬೋನಿಫೇಸನ ಅಂಗೈ ಸುಲಿದಿತ್ತು, ಉಲ್ರಿಕ್‌ನ ಮೊಣಕಾಲು ಒಂದೊಂದು ತಿರುವಿಗೂ ಅಯ್ಯೋ ಅನ್ನುತ್ತಿತ್ತು. ತಳದಲ್ಲಿ ಕಲ್ಲು ನೆಮ್ಮದಿಯಾಗಿ ಮಲಗಿತ್ತು.

ಕ್ಯಾನ್ಯೂಟ್ ಕಟ್ಟೆ ಬಿಟ್ಟಾಗಿನಿಂದ ಕಲ್ಲಿನ ಜೊತೆ ಮಾತಾಡುತ್ತಿದ್ದ.

"ನೋಡು ಅತ್ತಿಗೆ, ನಿನ್ನ ಗಂಡ ಕಟ್ಟಿದ ದೋಣಿ ಹೆಂಗೆ ನರಳ್ತಾ ಇದೆ. ಇವನಿಗಿಂತ ಇದೇ ಮುದಿಯಾಗಿದೆ. ನೀನು ಪುಣ್ಯಾತ್ಗಿತ್ತಿ, ಮಲಕ್ಕೊಂಡು ಹೋಗ್ತಿದ್ದೀಯ."

ಸತ್ತವರ ಹತ್ತಿರ ಹಾಗೆಲ್ಲ ಮಾತಾಡಬೇಡ ಎಂದು ಬೋನಿಫೇಸ್ ಗದರಿದ.

"ಬದುಕಿದ್ದಾಗಲೂ ಹಿಂಗೇ ಮಾತಾಡ್ತಿದ್ದೆ ಮಾರಾಯ. ಈಗ ಮರ್ಯಾದೆ ಕೊಟ್ರೆ ಯಾವನೋ ಬೇರೆಯೋನು ಅನ್ಕೋತಾಳೆ."

ಉಲ್ರಿಕ್ ನಗಲಿಲ್ಲ. ನೀರಿನ ಕಡೆ ಮುಖ ಮಾಡಿ ಕೂತಿದ್ದ. ಕ್ಯಾನ್ಯೂಟ್ ಅವಳಿಗೆ ಊರ ಸುದ್ದಿಯನ್ನೆಲ್ಲ ಹೇಳಿದ. ಯಾರ ಮೇಕೆ ಯಾರ ಜೋಳಕ್ಕೆ ನುಗ್ಗಿತು, ಹೊಸ ಪಾದ್ರಿ ಎಷ್ಟು ಉದ್ದ ಪ್ರಸಂಗ ಮಾಡುತ್ತಾನೆ, ಯಾವ ಮುದುಕ ಯಾವ ವಿಧವೆಯ ಬೇಲಿ ರಿಪೇರಿಗೆ ದಿನಾ ಹೋಗುತ್ತಾನೆ. ನಡುನಡುವೆ ಅವಳ ಉತ್ತರಕ್ಕೆ ಕಾದು, ಅಲ್ವಾ ಮತ್ತೆ, ಎಂದು ತಾನೇ ತಲೆಯಾಡಿಸಿದ. ಅವನು ಹಾಗೆ ಕಾದಾಗಲೆಲ್ಲ ಉಲ್ರಿಕ್ ಮುಖವನ್ನು ಇನ್ನಷ್ಟು ಆಚೆಗೆ ತಿರುಗಿಸುತ್ತಿದ್ದ. ಅಲ್ಲಿ ಯಾರೂ ಇಲ್ಲ ಎಂಬುದು ದೋಣಿಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಹೊತ್ತು ಏರಿದ ಮೇಲೆ ಕರಿದ ರೊಟ್ಟಿ, ಉಪ್ಪುಮೀನಿನ ಗಂಟು ಬಿಚ್ಚಿದರು. ಬೋನಿಫೇಸ್ ಮೊದಲ ತುಣುಕನ್ನು ಮುರಿದು, ಕಣ್ಣುಮುಚ್ಚಿ ದೇವರನ್ನು ನೆನೆದು, ದುಪ್ಪಟಿಯ ಮೇಲೆ ಇಟ್ಟ. ಒಂದಿಷ್ಟು ನೀರು ಚಿಮುಕಿಸಿದ. ತಿನ್ನು ತಾಯಿ, ದಾರಿ ಇನ್ನೂ ಇದೆ ಎಂದ. ಯಾವಾಗಲೂ ಮಾತಾಡದ ಮನುಷ್ಯ ಅಷ್ಟು ಅಕ್ಕರೆಯಿಂದ ಮಾತಾಡಿದ್ದು ಕೇಳಿ ಉಲ್ರಿಕ್‌ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಪೆಟಿಟ್ ರೋಸಿನ ದಂಡೆ ಈಗ ಚೆನ್ನಾಗಿ ಕಾಣುತ್ತಿತ್ತು. ಬಿಸಿಲಿಗೆ ಕಟ್ಟಿದ ಹಾಯಿಬಟ್ಟೆಯ ಚಪ್ಪರ, ಒಲೆಗಳ ಸುತ್ತ ಹೆಂಗಸರು, ಮರಳಿನ ಮೇಲೆ ಕಾಯುತ್ತಿರುವ ಜನ. ಗಾಳಿಯಲ್ಲಿ ಆಗಾಗ ಡೋಲಿನ ಚರ್ಮ ಬಿಗಿಗೊಳಿಸುವ ಸದ್ದು ತೇಲಿ ಬರುತ್ತಿತ್ತು. ಇನ್ನು ಸ್ವಲ್ಪವೇ ಉಳಿದಿತ್ತು. ಕ್ಯಾನ್ಯೂಟ್ ಚುಕ್ಕಾಣಿ ತಳ್ಳಿದ. ದೋಣಿ ಅರ್ಧ ತಿರುಗಿ, ಗಾಳಿಗೆ ಮೂತಿ ಕೊಟ್ಟು, ಹಾಯಿ ಪಟಪಟ ಹೊಡೆದುಕೊಳ್ಳುತ್ತಾ ನಿಂತುಬಿಟ್ಟಿತು. ಹಿಂದಕ್ಕೆ ಜಾರತೊಡಗಿತು.

ಹಳೆಯ ದೋಣಿ ಹಾಗೆ ಮಾಡುವುದು ಉಂಟು. ಕ್ಯಾನ್ಯೂಟ್ ಬೆವರು ಒರೆಸಿಕೊಂಡು, ಯಾಕೆ ಅತ್ತಿಗೆ, ತವರಿಗೆ ಹೋಗೋಕೂ ಮನಸ್ಸಿಲ್ವಾ, ಎಂದು ನಗೆಯಾಡಿದ. ಬೋನಿಫೇಸ್ ನಗಲಿಲ್ಲ. ಅವನು ಉಲ್ರಿಕ್‌ನ ಕಡೆ ತಿರುಗಿದ.

"ಹೊರಡೋವಾಗ ಕರೆದ್ಯಲ್ಲ?"

ಕರೆದೆ ಅಂದರೆ ಮುಗಿದುಹೋಗುತ್ತಿತ್ತು. ಅನುಮಾನಪಟ್ಟು ಕೇಳಿದ ಪ್ರಶ್ನೆಯೂ ಅಲ್ಲ ಅದು. ಉಲ್ರಿಕ್‌ಗೆ ಸುಳ್ಳು ನಾಲಿಗೆಯ ತುದಿಯವರೆಗೂ ಬಂತು. ಆದರೆ ದುಪ್ಪಟಿಯ ಮೇಲಿದ್ದ ರೊಟ್ಟಿಯ ತುಣುಕು ಕಣ್ಣಿಗೆ ಬಿತ್ತು.

"ಇಲ್ಲ," ಎಂದ.

"ಮರೆತ್ಯಾ?"

"ಮರೀಲಿಲ್ಲ. ಕರೀಲಿಲ್ಲ."

ಹಾಯಿ ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ಹಗ್ಗ ಎಳೆಯಲಿಲ್ಲ. ಬೋನಿಫೇಸ್ ಜಪಮಾಲೆಯ ಮಣಿಯೊಂದನ್ನು ಹಿಡಿದುಕೊಂಡ. ತನ್ನಷ್ಟಕ್ಕೆ ಹೇಳಿಕೊಳ್ಳುವವನಂತೆ, ಇಲ್ಲಿಂದ ಕರೆದರೆ ನಡೆಯುವುದಿಲ್ಲ, ನಡುನೀರಿನ ಕರೆಗೆ ದಾರಿ ಸಿಗುವುದಿಲ್ಲ, ಹೊಸ್ತಿಲಿಂದಲೇ ಕರೆಯಬೇಕು ಎಂದ.

ಹೋಗೋಣ, ಇಷ್ಟು ದೂರ ಬಂದಾಗಿದೆ, ಅವರೆಲ್ಲ ಕಾಯುತ್ತಿದ್ದಾರೆ, ಕಲ್ಲು ಹಾಕಿ ಬರೋಣ, ಯಾರಿಗೆ ಗೊತ್ತಾಗುತ್ತದೆ ಎಂದು ಉಲ್ರಿಕ್ ಅಂದ. ಅವನ ದನಿಯಲ್ಲಿ ಜೀವವಿರಲಿಲ್ಲ.

"ಹಾಕ್ಬೋದು," ಎಂದ ಬೋನಿಫೇಸ್. "ಕಲ್ಲು ಕೂರುತ್ತೆ. ಅವಳು ನಿಂತೇ ಇರ್ತಾಳೆ."

ಕ್ಯಾನ್ಯೂಟ್ ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ಅವರಿಬ್ಬರೂ ಹಿಂದೆಂದೂ ಕಂಡಿರಲಿಲ್ಲ. ಕೊನೆಗೆ ಅವನು ಕೇಳಿದ:

"ಯಾಕೋ?"

"ಬೆಳಗಿನ ಜಾವ ಬರ್ತಾಳೆ," ಎಂದ ಉಲ್ರಿಕ್. "ಬಾಗಿಲ ಹತ್ರ ನಿಲ್ತಾಳೆ. ಬೈತಾಳೆ. ಅಷ್ಟೇ. ಅದೂ ಹೋದ್ರೆ ನಾನು ಯಾಕೆ ಎದ್ದೇಳ್ಬೇಕು ಹೇಳು."

ಕ್ಯಾನ್ಯೂಟನ ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಅವಳಿಗೆ ಅವನು ಮರುವರ್ಷವೇ ಕಲ್ಲು ಹಾಕಿಸಿದ್ದ. ಊರೆಲ್ಲ ಹೊಗಳುವಂತೆ ಎಡೆ ಇಟ್ಟು, ಜನಕ್ಕೆ ಉಣಬಡಿಸಿದ್ದ.

"ನನ್ನೋಳು ಕಲ್ಲು ಹಾಕಿದ ಮೇಲೆ ಒಂದ್ಸಲಾನೂ ಬರ್ಲಿಲ್ಲ ಕಣೋ," ಎಂದ ಅವನು.

"ಮತ್ತೆ ಹೆಂಗಿರ್ತೀಯ?"

"ಇರ್ತೀನಿ. ಮಾತಾಡ್ತಾ ಇರ್ತೀನಿ. ನೋಡ್ತಿಲ್ವಾ."

ಅಷ್ಟು ಹೇಳಿ ಚುಕ್ಕಾಣಿಯನ್ನು ಎದೆಗೆ ಎಳೆದುಕೊಂಡ. ದೋಣಿಯ ಮೂತಿ ಪೆಟಿಟ್ ರೋಸಿನ ದಂಡೆಯನ್ನು ಬಿಟ್ಟು, ನಿಧಾನವಾಗಿ, ಬಂದ ದಾರಿಯ ಕಡೆಗೆ ತಿರುಗಿತು. ಬೋನಿಫೇಸ್ ಸುಲಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಗ್ಗ ಬಿಟ್ಟ. ಹಾಯಿ ಅಗಲವಾಗಿ ಅರಳಿತು.

ಬೆಳಗಿನಿಂದ ಇಂಚಿಂಚಾಗಿ ಹತ್ತಿದ್ದ ದಾರಿ ಗಾಳಿ ಬೆನ್ನಿಗಿದ್ದಾಗ ಇಳಿಜಾರಿನಂತೆ ಕಳೆದುಹೋಯಿತು. ಅದನ್ನು ನೋಡುವುದೇ ಒಂದು ಸಂಕಟ. ಮೂವರೂ ನೋಡುತ್ತಾ ಕೂತರು.

ಕಟ್ಟೆಯಲ್ಲಿ ಜನ ಗಾಬರಿಯಾಗಿ ಓಡಿ ಬಂದರು. ಕ್ಯಾನ್ಯೂಟ್ ಎಲ್ಲರಿಗೂ ಒಂದೇ ಉತ್ತರ ಕೊಟ್ಟ. ಒಂದು ಬಿಟ್ಟು ಹೋಗಿತ್ತು, ತಗೊಂಡು ಹೋಗ್ತೀವಿ, ಅಂದ. ಉಲ್ರಿಕ್ ಅವರ ನಡುವೆ ಹಾದು, ಏರು ದಾರಿ ಹತ್ತಿ ಮನೆಗೆ ಬಂದ.

ಬಾಗಿಲು ತೆಗೆದ. ಒಳಗೆ ಯಾವ ಸದ್ದೂ ಇರಲಿಲ್ಲ. ನೆಲದ ಅಕ್ಕಿಯನ್ನು ಹೆಕ್ಕುತ್ತಿದ್ದ ನೆರೆಮನೆಯ ಕೋಳಿ ಅವನನ್ನು ಕಂಡು ಹಿತ್ತಲಿಗೆ ಓಡಿತು. ಮಂಚದ ಹಾಸಿಗೆಯಲ್ಲಿ ಕಲ್ಲು ಮಲಗಿದ್ದ ಜಾಗ ತಗ್ಗಾಗಿತ್ತು. ಅಲ್ಲಿ ಹೋಗಿ ಮಲಗಿಬಿಡಬೇಕು ಅನ್ನಿಸಿತು ಅವನಿಗೆ. ಬಾಗಿಲು ಹಾಕಿಕೊಂಡು, ಯಾರು ಕರೆದರೂ ಓ ಎನ್ನದೆ. ಅವಳಿಗೂ ಬೇಡ, ತನಗೂ ಬೇಡ, ಈ ಹೋಗುವ ಬರುವ ಕೆಲಸ ಸಾಕು.

ಹಾಗೆ ಹೊಸ್ತಿಲ ಮೇಲೆ ನಿಂತವನಿಗೆ ಮೊಣಕಾಲು ಸೆಳೆಯಿತು. ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿದ. ಆಗ ಅವನಿಗೆ ತಾನು ಯಾರಂತೆ ನಿಂತಿದ್ದೇನೆಂದು ತಿಳಿಯಿತು. ನಿಲ್ಲುವುದೆಂದರೆ ಏನೆಂದು ದೇವರು ಅವನಿಗೆ ಅವನ ಕಾಲಿನಿಂದಲೇ ಹೇಳಿಸಿದ.

"ಇಸ್ಮೆ," ಎಂದು ಕರೆದ. ಕೆಮ್ಮಿ ಮತ್ತೆ ಕರೆದ. "ಇಸ್ಮೆ, ನಿನ್ನ ಕಲ್ಲು ಹೊರಟಿದೆ. ಅಕ್ಕ ಕಾಯ್ತಾ ಇದಾಳೆ. ನಡಿ, ನೀನೂ ಬಾ. ಸಾಕು ನಿಂತಿದ್ದು."

ತಿರುಗಿ ನೋಡದೆ ನಡೆದ. ಹಿಂದೆ ಹೆಜ್ಜೆಯ ಸದ್ದು ಕೇಳಿತೋ ಇಲ್ಲವೋ ಅದು ಆ ಪರಮಾತ್ಮನಿಗೇ ಗೊತ್ತು. ಉಲ್ರಿಕ್‌ಗಂತೂ ಕೇಳಿಸಲಿಲ್ಲ. ಆದರೂ ಕಲ್ಲುದಾರಿಯ ಇಳಿಜಾರಿನಲ್ಲಿ ಅವನು ಬೇಗ ಬೇಗ ಇಳಿಯಲಿಲ್ಲ. ಕಾಲು ನೋಯುವವರು ಜೊತೆಗಿದ್ದರೆ ಹೇಗೆ ಇಳಿಯುತ್ತಾರೋ ಹಾಗೆ ಇಳಿದ.

ಅವನು ದೋಣಿ ಹತ್ತಿದಾಗ ಕ್ಯಾನ್ಯೂಟ್ ಪಕ್ಕದ ಹಲಗೆಯ ಮೇಲೆ ಸುರುಳಿ ಸುತ್ತಿಟ್ಟಿದ್ದ ಹಗ್ಗವನ್ನು ಎತ್ತಿ ಕೆಳಗಿಟ್ಟು, ಜಾಗ ಮಾಡಿ, ತಾನು ಸ್ವಲ್ಪ ಸರಿದು ಕೂತ. ದಾರಿಯುದ್ದಕ್ಕೂ ಈ ಸಲ ಅವಳನ್ನು ಮಾತಾಡಿಸಲಿಲ್ಲ. ಅವಳು ನಿಜವಾಗಿ ಬಂದ ಮೇಲೆ ಅವನಿಗೇ ಸಂಕೋಚವಾಯಿತೇನೋ.

ಗಾಳಿ ಹಾಗೇ ಇತ್ತು, ಸೆಳೆತ ಹಾಗೇ ಇತ್ತು. ದೋಣಿ ಈ ಸಲವೂ ಒಂದು ತಿರುವಿನಲ್ಲಿ ಮೊಂಡು ಹಿಡಿದು ನಿಂತಿತು. ಮತ್ತೆ ಜಾರಿ, ಮತ್ತೆ ಹತ್ತಿದರು. ಬೋನಿಫೇಸನ ಅಂಗೈಯಿಂದ ಹಗ್ಗಕ್ಕೆ ರಕ್ತ ಹತ್ತಿತು. ಉಲ್ರಿಕ್ ತನ್ನ ಅಂಗಿಯ ಚೂರು ಹರಿದು ಅವನ ಕೈಗೆ ಸುತ್ತಿ, ಅವನ ಪಾಲಿನ ಹಗ್ಗವನ್ನೂ ತಾನೇ ಎಳೆದ.

ಪೆಟಿಟ್ ರೋಸ್ ತಲುಪಿದಾಗ ಸೂರ್ಯ ನೀರಿಗೆ ಹತ್ತಿರವಾಗಿದ್ದ. ಡೋಲಿನವರು ಡೋಲಿಗೇ ತಲೆಯಿಟ್ಟು ನಿದ್ದೆ ಹೋಗಿದ್ದರು. ಮಕ್ಕಳು ಅತ್ತು, ಉಂಡು, ಮಲಗಿದ್ದರು. ಫಿಲೋಮೆನ್ ಮೊಣಕಾಲುದ್ದ ನೀರಿಗಿಳಿದು ನಿಂತಿದ್ದಳು. ಬೈಗುಳಕ್ಕೆ ಸಿದ್ಧನಾಗಿಯೇ ಉಲ್ರಿಕ್ ಇಳಿದ.

"ಹತ್ರ ಬಂದು ತಿರುಗಿದ್ದು ನೋಡ್ದೆ," ಎಂದಳು ಅವಳು. "ಎಲ್ರೂ ದೋಣಿ ಕೆಟ್ಟಿದೆ ಅಂದ್ರು. ನಾನು ಒಲೆ ಆರಿಸ್ಬೇಡಿ ಅಂದೆ. ಕರ್ಕೊಂಡು ಬಂದ್ಯಾ?"

"ಬಂದಿದಾಳೆ, ಅಕ್ಕ."

ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ನಂಬಿಕೆ ಬಂದ ಮೇಲೆ ಬಿಟ್ಟಳು.

ಬೆಳಕಿರುವಾಗಲೇ ಕಲ್ಲು ಹಾಕಿದರು. ಬಟ್ಟೆ ಸುತ್ತಿದ ಕೈಯಲ್ಲೇ ಬೋನಿಫೇಸ್ ಗಾರೆ ಕಲಸಿ, ಮಟ್ಟ ನೋಡಿ, ಕಲ್ಲನ್ನು ಕೂರಿಸಿದ. ಗಾರೆ ಹಸಿಯಿರುವಾಗ ಗಂಡನಾದವನು ಅಂಗೈಯಿಟ್ಟು ಒತ್ತಬೇಕು. ಉಲ್ರಿಕ್ ಒತ್ತಿದ. ಇದ್ದ ಭಾರವನ್ನೆಲ್ಲ ಹಾಕಿ ಒತ್ತಿ, ಕೂತ್ಕೋ ಎಂದ. ನೀರು ಹೊಯ್ದರು, ರಮ್ಮು ಹೊಯ್ದರು. ಎದ್ದ ಡೋಲಿನವರು ಮೊದಲು ನಿದ್ದೆಗಣ್ಣಲ್ಲಿ, ಆಮೇಲೆ ಹುಷಾರಾಗಿ ಬಾರಿಸಿದರು.

ಎಡೆಗೆ ಬಡಿಸಿದ ಮೇಲೆ ಅವನ ಮುಂದೂ ಜೋಳದ ಹಿಟ್ಟಿನ ಮುದ್ದೆ, ತೊಗರಿಯ ಸಾರು, ಎಷ್ಟೋ ಸಲ ಬಿಸಿ ಮಾಡಿ ಕರಗಿಹೋದ ಆಡಿನ ಮಾಂಸ ಬಂತು. ಅರ್ಧ ಮುದ್ದೆ ತಿಂದವನು ಫಿಲೋಮೆನಳ ಮನೆಯ ಗೋಡೆಗೊರಗಿ ಹಾಗೇ ನಿದ್ದೆ ಹೋದ. ತಟ್ಟೆಯನ್ನು ಯಾರು ಎತ್ತಿದರೋ, ಚಾಪೆಯ ಮೇಲೆ ಯಾರು ಮಲಗಿಸಿದರೋ ಅವನಿಗೆ ತಿಳಿಯದು.

ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು. ಬೋನಿಫೇಸ್ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಉಲ್ರಿಕ್ ಮಲಗಿದಲ್ಲೇ ನಿದ್ದೆಯ ಮೂಲೆಮೂಲೆಯನ್ನೆಲ್ಲ ತಡಕಾಡಿ ನೋಡಿದ. ಬಾಗಿಲು ನೆನಪಾಗಲಿಲ್ಲ, ಅಗುಳಿ ನೆನಪಾಗಲಿಲ್ಲ.

"ಬಂದಿದ್ಲಾ?" ಎಂದು ಬೋನಿಫೇಸ್ ಮೆಲ್ಲನೆ ಕೇಳಿದ.

"ಇಲ್ಲ."

ಬೋನಿಫೇಸ್ ಶಿಲುಬೆಯ ಗುರುತು ಮಾಡಿಕೊಂಡು, ತನ್ನ ಲೋಟದಲ್ಲಿ ಉಳಿದದ್ದನ್ನು ಅವನಿಗೆ ಕೊಟ್ಟ.

ಹೊರಡುವ ಹೊತ್ತಿಗೆ ಉಲ್ರಿಕ್ ಒಬ್ಬನೇ ಹೋಗಿ ಕಲ್ಲಿನ ಹತ್ತಿರ ಸ್ವಲ್ಪ ಹೊತ್ತು ಇದ್ದು ಬಂದ. ಗಾರೆ ಬಿಳುಚಿತ್ತು. ಇಬ್ಬನಿ ಇನ್ನೂ ಆರಿರಲಿಲ್ಲ. ಮುಟ್ಟದೆ, ಕರೆಯದೆ ಬಂದ.

ಗಾಳಿ ಬೆನ್ನಿಗಿತ್ತು. ಮಾಡುವ ಕೆಲಸವೇನೂ ಇರಲಿಲ್ಲ. ಕ್ಯಾನ್ಯೂಟ್ ದಂಡೆ ಬಿಟ್ಟ ಕೂಡಲೇ ಮಾತು ಶುರುಮಾಡಿದ. ಫಿಲೋಮೆನಳ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಡೋಲಿನವರಲ್ಲಿ ಒಬ್ಬನಿಗೆ ತಾಳ ಬರುವುದಿಲ್ಲ, ಈ ಹಾಯಿಯ ಹೊಲಿಗೆ ಬಿಟ್ಟುಹೋದದ್ದು ದೋಣಿ ಕಟ್ಟಿದವನ ತಪ್ಪೇ ಹೊರತು ಓಡಿಸಿದವನ ತಪ್ಪಲ್ಲ. ಉಲ್ರಿಕ್ ಹಲಗೆಗೆ ತಲೆಯೊರಗಿಸಿ, ಕಣ್ಣುಮುಚ್ಚಿ, ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ ಕಣ್ಣು ತೆರೆಯದೆಯೇ, ದೋಣಿ ಕಟ್ಟಿದವನು ತಾನು, ಹಾಯಿ ಹೊಲಿದವನು ಕ್ಯಾನ್ಯೂಟನ ಸೋದರಮಾವ, ಅವನಿಗೆ ಆ ಕಾಲದಲ್ಲೇ ಕಣ್ಣು ಕಾಣುತ್ತಿರಲಿಲ್ಲ ಎಂದ.

ನನ್ನ ಮಾವನ ಸುದ್ದಿಗೆ ಬರಬೇಡ ಎಂದು ಕ್ಯಾನ್ಯೂಟ್ ಶುರುಮಾಡಿದ. ವಿಂಡ್‌ವರ್ಡಿನ ಕಟ್ಟೆ ಕಾಣುವವರೆಗೂ ಅವರಿಬ್ಬರ ವಾದ ಮುಗಿಯಲಿಲ್ಲ.